ತಂಗಿಗೆ ಮಾಡಿಸಿಕೊಟ್ಟ ಚಾಕು ಮತ್ತು ನನ್ನ ಬಲಗಾಲಿನ ಗಾಯದ ಬಗ್ಗೆ

ಹೆಸರು: ಶಿವಾ. ತಂದೆ: ದಿವಂಗತ ನಂಜಪ್ಪ. ವಯಸ್ಸು: 36 ವರ್ಷ. ಕೆಲಸ: ಹೊಗೆನಕಲ್‌ನಲ್ಲಿ ಪ್ರವಾಸಿಗರಿಗೆ ಹರಿಗೋಲು ನಡೆಸುವುದು. ವಾಸ: ಊಟಮಲೆ, ಪೆನ್ನಾಗರಂ ತಾಲ್ಲೂಕು, ಧರ್ಮಪುರಿ ಜಿಲ್ಲೆ.

ಪೆನ್ನಾಗರಂ ಸರ್ಕಾರಿ ಆಸ್ಪತ್ರೆಯ ಗಂಡಸರ ವಾರ್ಡಿನಲ್ಲಿ ಮಂಚದ ಮೇಲೆ ಕುಳಿತು, ಪೂರ್ಣ ಎಚ್ಚರದಲ್ಲಿ, ಯಾರ ಒತ್ತಾಯವೂ ಇಲ್ಲದೆ ನಾನು ಪೊಲೀಸರಿಗೆ ಹೇಳಿ ಬರೆಸುವುದೇನೆಂದರೆ, ದಿನಾಂಕ 14.02.2025ರ ಶುಕ್ರವಾರ ಬೆಳಿಗ್ಗೆ 11.20ರ ಸುಮಾರಿಗೆ ಹೊಗೆನಕಲ್ ಹೊಳೆಯಲ್ಲಿ ನನ್ನ ಬಲಗಾಲಿನ ಮೀನಖಂಡಕ್ಕೆ ಆದ ಗಾಯವು ಚಾಕುವಿನಿಂದ ಆದದ್ದು. ಏಳು ಹೊಲಿಗೆ ಬಿದ್ದಿವೆ. ಚಾಕು ಹಿಡಿದಿದ್ದವಳು ನನ್ನ ತಂಗಿ ಸಂಗೀತಾ, ವಯಸ್ಸು 23. ಈ ಬಗ್ಗೆ ನನಗೆ ಅವಳ ಮೇಲಾಗಲಿ ಬೇರೆ ಯಾರ ಮೇಲಾಗಲಿ ದೂರಿಲ್ಲ. ನಿನ್ನೆ ಮಧ್ಯಾಹ್ನದಿಂದ ಫೋನುಗಳಲ್ಲಿ ಓಡಾಡುತ್ತಿರುವ ನಲವತ್ತು ಸೆಕೆಂಡಿನ ವಿಡಿಯೋದಲ್ಲಿ ಕಾಣುವುದು ಜಗಳವಲ್ಲ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನಮ್ಮ ತಾಯಿ ತೀರಿಕೊಂಡಾಗ ಸಂಗೀತಾಳಿಗೆ ಆರು ವರ್ಷ, ನನಗೆ ಹತ್ತೊಂಬತ್ತು. ತಂದೆ ಅದಕ್ಕೂ ಮೊದಲೇ ಹೋಗಿದ್ದರು. ಅಂದಿನಿಂದ ಅವಳ ಊಟ, ಓದು, ಜಡೆ ಎಲ್ಲವೂ ನನ್ನ ಪಾಲಿಗೆ ಬಂತು. ನನಗೆ ಹಗ್ಗ ಹೊಸೆಯುವುದು ಗೊತ್ತಿತ್ತೇ ಹೊರತು ಜಡೆ ಹೆಣೆಯುವುದು ಗೊತ್ತಿರಲಿಲ್ಲ. ಹಾಗಾಗಿ ಅವಳು ಏಳನೇ ತರಗತಿಯವರೆಗೆ ಹಗ್ಗದಂಥ ಜಡೆಯಲ್ಲೇ ಶಾಲೆಗೆ ಹೋದಳು. ಹೇಳಿಕೆ ಬರೆದುಕೊಳ್ಳುತ್ತಿರುವ ಹೆಡ್ ಕಾನ್‌ಸ್ಟೆಬಲ್ ಪ್ರಭಾಕರ್ ಅವರು ಈ ವಿಷಯ ಬೇಕಾಗಿಲ್ಲ ಎಂದರು. ಬರೆಯಿರಿ ಎಂದು ನಾನು ಕೇಳಿಕೊಂಡೆ.

ದಿನಾಂಕ 30.01.2025ರಂದು ಅವಳಿಗೆ ಅರಣ್ಯ ಇಲಾಖೆಯಲ್ಲಿ ಗಾರ್ಡ್ ಕೆಲಸ ಆದ ಆದೇಶ ಬಂತು. 17ನೇ ತಾರೀಖು ಸೋಮವಾರ ಕೊಯಮತ್ತೂರಿನಲ್ಲಿ ತರಬೇತಿಗೆ ಹಾಜರಾಗಬೇಕು ಎಂದಿತ್ತು. ತರಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಬೂಟು, ಟಾರ್ಚು, ಸೀಟಿ ಇದ್ದವು. ಚಾಕು ಇರಲಿಲ್ಲ. ಕಾಡಿನಲ್ಲಿ ಒಬ್ಬಳೇ ತಿರುಗುವ ಹುಡುಗಿಗೆ ಅಣ್ಣನಾದವನು ಕೊಡಬೇಕಾದ್ದು ಚಾಕುವೇ ಎಂದು ನಾನು ತೀರ್ಮಾನಿಸಿದೆನು.

02.02.2025ರ ಭಾನುವಾರ ಬೆಳಿಗ್ಗೆ 7.10ರ ಬಸ್ಸಿಗೆ ನಾವಿಬ್ಬರೂ ಹೊರಟು 10.30ಕ್ಕೆ ಸೇಲಂ ತಲುಪಿದೆವು. ಹಳೇ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಬೆಟ್ಟ ಹತ್ತುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿ ಇದೆ. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಒಂದು ಚಾಕು ಇತ್ತು. ಅಲಗು ಹನ್ನೆರಡು ಅಂಗುಲ, ಬಣ್ಣ ಕಪ್ಪು, ಬೆನ್ನಿನ ಮೇಲೆ ಗರಗಸದ ಹಲ್ಲು. ಹಿಡಿಯ ತಿರುಪು ಬಿಚ್ಚಿದರೆ ಒಳಗೆ ದಿಕ್ಸೂಚಿ, ಬೆಂಕಿಕಡ್ಡಿ, ಸೂಜಿ ದಾರ. ಮಿಲಿಟರಿಯವರು ಇಡುವುದು ಇದನ್ನೇ ಎಂದು ಅಂಗಡಿಯವನು ಹೇಳಿದನು. ಅದನ್ನು ನೋಡಿದ ಮೇಲೆ ನನ್ನ ಕಣ್ಣು ಬೇರೆ ಯಾವುದರ ಮೇಲೂ ಹೋಗಲಿಲ್ಲ.

ಸಂಗೀತಾ ಅದನ್ನು ಕೈಗೆ ತೆಗೆದುಕೊಂಡು, ಎರಡು ಸಲ ಮೇಲೆ ಕೆಳಗೆ ಆಡಿಸಿ, ಅಂಗಡಿಯವನಿಗೆ ಮರಳಿ ಕೊಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, "ಅಣ್ಣಾ, ಇದ್ರಾಗೆ ಈರುಳ್ಳಿ ಎಚ್ಚಕ್ಕೆ ಆಗ್ತೈತಾ?" ಎಂದು ಕೇಳಿದಳು. ಅಂಗಡಿಯಲ್ಲಿದ್ದ ಇನ್ನಿಬ್ಬರು ನಕ್ಕರು. ನನಗೆ ಸಿಟ್ಟು ಬಂತು. ಏನೂ ತೆಗೆದುಕೊಳ್ಳದೆ ಹೊರಗೆ ಬಂದೆವು. ಹಿಂದಿರುಗುವ ಬಸ್ಸಿನಲ್ಲಿ ತೊಪ್ಪೂರು ಘಾಟಿ ಹತ್ತುವವರೆಗೆ ನಾನು ಅವಳೊಂದಿಗೆ ಮಾತಾಡಲಿಲ್ಲ. ಅವಳು ಎರಡು ಸಲ ಕಡಲೆಕಾಯಿ ಪೊಟ್ಟಣ ನನ್ನ ಕಡೆ ಚಾಚಿದಳು. ಎರಡನೇ ಸಲ ತೆಗೆದುಕೊಂಡೆನು.

ಮಧ್ಯಾಹ್ನ 1.40ಕ್ಕೆ ಅದಿಯಮಾನ್‌ಕೋಟೆಯಲ್ಲಿ ಇಳಿದು ನಮ್ಮ ಸೋದರಮಾವ ಮುನಿವೆಂಕಟಪ್ಪನವರ ಮನೆಗೆ ಹೋದೆವು. ಇವರಿಗೆ 67 ವರ್ಷ. ಇಪ್ಪತ್ತಾರು ವರ್ಷ ಸೈನ್ಯದಲ್ಲಿದ್ದು ಹವಾಲ್ದಾರರಾಗಿ ನಿವೃತ್ತರಾದವರು. ನಾನು ಅಂಗಡಿಯ ಚಾಕುವನ್ನು ವರ್ಣಿಸಿದೆ. ಅವರು ಪೂರ್ತಿ ಕೇಳಿ, ದಿಕ್ಸೂಚಿ ಇಡಲು ಹಿಡಿಯನ್ನು ಟೊಳ್ಳು ಮಾಡಿದರೆ ಅಲಗು ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರು. ಅವರೇ, "ಎಲ್ಲೂ ನಿಲ್ಲಾಕಿಲ್ಲ ಕಣ್ಲಾ. ಮೂರ್ನೇ ಏಟಿಗೆ ಅಲಗು ಒಂದ್ ಕಡೆ, ಇಡಿ ಒಂದ್ ಕಡೆ" ಎಂದರು.

ನಂತರ ಒಳಗಿನಿಂದ ತಮ್ಮ ಚಾಕು ತಂದು ತೋರಿಸಿದರು. ನೋಡಲು ಅಡುಗೆಮನೆಯ ಚಾಕುವಿನಂತೆ ಇತ್ತು. ಮಸೆದು ಮಸೆದು ಅಲಗು ಸಣ್ಣಗಾಗಿತ್ತು. ಅಗಲ ಎರಡು ಬೆರಳು, ಉದ್ದ ಒಂದು ಅಂಗೈಗಿಂತ ಸ್ವಲ್ಪ ಹೆಚ್ಚು. ಹತ್ತೊಂಬತ್ತು ವರ್ಷ ಸೊಂಟದಲ್ಲಿ ಇದ್ದದ್ದು ಇದೊಂದೇ ಎಂದರು. ಇದರಿಂದ ಹಗ್ಗ ಕೊಯ್ದಿದ್ದೇನೆ, ಡಬ್ಬಿ ತೆರೆದಿದ್ದೇನೆ, ಹಿಮದಲ್ಲಿ ಒದ್ದೆ ಕಟ್ಟಿಗೆ ಸಿಗಿದು ಬೆಂಕಿ ಮಾಡಿದ್ದೇನೆ, ಕಾಲು ಮುರಿದ ಹುಡುಗನೊಬ್ಬನ ಬೂಟು ಸೀಳಿ ತೆಗೆದಿದ್ದೇನೆ, ಮನುಷ್ಯನ ಮೇಲೆ ಒಮ್ಮೆಯೂ ಎತ್ತಿಲ್ಲ ಎಂದರು. ಸಂಗೀತಾ ಅದನ್ನು ಹಿಡಿದು ಬಹಳ ಹೊತ್ತು ನೋಡಿದಳು.

ಅದೇ ಊರಿನಲ್ಲಿ ಪಳನಿಯಪ್ಪನ್ ಎಂಬವರ ಕುಲುಮೆ ಇದೆ. ಮಾವನವರು ನಮ್ಮನ್ನು ಅಲ್ಲಿಗೆ ಕರೆದೊಯ್ದರು. ಮಾವನವರು ಹೇಳುತ್ತಾ ಹೋದರು, ಪಳನಿಯಪ್ಪನ್ ತಲೆಯಾಡಿಸುತ್ತಾ ಹೋದರು. ಲಾರಿಯ ಹಳೇ ಸ್ಪ್ರಿಂಗ್ ಪಟ್ಟಿಯ ಉಕ್ಕು ಇರಲಿ. ಅದು ತುಕ್ಕು ಹಿಡಿಯುತ್ತದೆ, ಆದರೆ ಹೊಳೆಯ ಕಲ್ಲಿನ ಮೇಲೆ ಉಜ್ಜಿದರೂ ಹರಿತವಾಗುತ್ತದೆ. ಹೊಳೆಯುವ ಉಕ್ಕು ಬೇಡ, ಕಾಡಿನಲ್ಲಿ ಅದನ್ನು ಮಸೆಯಲು ಯಂತ್ರ ಎಲ್ಲಿದೆ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಒಂದೇ ತುಂಡಾಗಿ ಹೋಗಬೇಕು. ಗರಗಸದ ಹಲ್ಲು ಬೇಡ. ಬೆನ್ನು ದಪ್ಪ ಇರಲಿ, ಮೇಲೆ ದೊಣ್ಣೆಯಿಂದ ಬಡಿದರೆ ತಡೆಯಬೇಕು. ಒರೆಯನ್ನು ತಲೆಕೆಳಗಾಗಿ ಹಿಡಿದು ಅಲುಗಾಡಿಸಿದರೂ ಚಾಕು ಬೀಳಬಾರದು.

ಹಿಡಿಯ ಅಳತೆಗೆ ಮಾವನವರು ಸಂಗೀತಾಳ ಕೈಯನ್ನು ನೀರಿನಲ್ಲಿ ಅದ್ದಿಸಿ, ಎಣ್ಣೆ ಸವರಿ, ಕಣ್ಣು ಮುಚ್ಚಿಸಿ, ಕುಲುಮೆಯಲ್ಲಿದ್ದ ಆರೇಳು ಮರದ ಹಿಡಿಗಳನ್ನು ಒಂದೊಂದಾಗಿ ಕೊಟ್ಟರು. ಒಣಗಿದ ಕೈಯಲ್ಲಿ ಎಲ್ಲ ಕತ್ತಿಯೂ ಚೆನ್ನಾಗೇ ಇರುತ್ತದೆ ಎಂದರು. ಐದನೆಯದನ್ನು ಹಿಡಿದಾಗ ಅವಳು ಕಣ್ಣು ಮುಚ್ಚಿಕೊಂಡೇ, "ಇದು ಮಾಮಾ" ಎಂದಳು.

ಕೊನೆಗೆ ನಾನು, ತುದಿಯನ್ನಾದರೂ ಉದ್ದ ಮಾಡಿ ಸೂಜಿಯಂತೆ ಚೂಪು ಮಾಡಿ ಎಂದು ಪಳನಿಯಪ್ಪನ್‌ಗೆ ಹೇಳಿದೆ. ಅವರು ತಿದಿ ನಿಲ್ಲಿಸಿ ನನ್ನನ್ನು ನೋಡಿ, "ಯಾರೈ ಕುತ್ತಣುಂ ತಂಬಿ?" ಎಂದರು. ಯಾರನ್ನು ಚುಚ್ಚಬೇಕಪ್ಪ ಎಂದು ಕೇಳಿದ್ದು. ನಾನು ಯಾರನ್ನೂ ಇಲ್ಲ ಎಂದೆ. ಹಾಗಾದರೆ ತುದಿಯನ್ನು ಕೆಳಕ್ಕೆ ಬಾಗಿಸಿ ಮೊಂಡಾಗಿಡುತ್ತೇನೆ, ಕೆಲಸದ ಕತ್ತಿಯ ಹತ್ತಿರ ಯಾವಾಗಲೂ ಇನ್ನೊಬ್ಬರ ಕೈಯೋ ಕಾಲೋ ಇರುತ್ತದೆ ಎಂದು ಹೇಳಿ ಮತ್ತೆ ತಿದಿ ಒತ್ತಿದರು.

ದಿನಾಂಕ 12.02.2025ರಂದು ಸಂಜೆ 4 ಗಂಟೆಗೆ ನಾನೊಬ್ಬನೇ ಹೋಗಿ ಚಾಕು ತಂದೆನು. ಅಲಗು ನಾಲ್ಕೂವರೆ ಅಂಗುಲ, ಹಿಡಿ ಹುಣಸೆಮರದ್ದು. ಹುಲ್ಲಿನಲ್ಲಿ ಬಿದ್ದರೆ ಕಾಣಲಿ ಎಂದು ಮಾವನವರು ಅದಕ್ಕೆ ಕಿತ್ತಳೆ ಬಣ್ಣದ ದಾರ ಕಟ್ಟಿದ್ದರು. ಮನೆಗೆ ಬಂದ ಕೂಡಲೇ ಸಂಗೀತಾ ಅದರಲ್ಲಿ ಈರುಳ್ಳಿ ಹೆಚ್ಚಿದಳು. ನನ್ನ ಮುಖ ನೋಡುತ್ತಲೇ ಹೆಚ್ಚಿದಳು.

14ನೇ ತಾರೀಖು ಬೆಳಿಗ್ಗೆ, ಹೋಗುವ ಮೊದಲು ಒಂದು ಸಲ ನಿನ್ನ ಹರಿಗೋಲಿನಲ್ಲಿ ಬರುತ್ತೇನೆ ಎಂದಳು. 10.45ಕ್ಕೆ ಹೊರಟೆವು. ಜೊತೆಯಲ್ಲಿ ಸೇಲಂನಿಂದ ಬಂದಿದ್ದ ಗಂಡ ಹೆಂಡತಿ ಇದ್ದರು. ಆ ಮೂವರೂ ಲೈಫ್ ಜಾಕೆಟ್ ಹಾಕಿದ್ದರು. ನಾನು ಹಾಕಿರಲಿಲ್ಲ. ಅದು ನನ್ನ ತಪ್ಪು. ಹದಿನೆಂಟು ವರ್ಷದಿಂದ ಈ ಹೊಳೆ ನನಗೆ ಗೊತ್ತು ಎಂಬ ಧೈರ್ಯ.

11.15ಕ್ಕೆ, ಹತ್ತಿದ ಜಾಗದಿಂದ ಸುಮಾರು 600 ಮೀಟರ್ ದೂರದಲ್ಲಿ, ನೀರಿನ ನಡುವೆ ಚಪ್ಪಟೆ ಬಂಡೆಯೊಂದರ ಮೇಲೆ ಮೂವರನ್ನೂ ಇಳಿಸಿ ಹರಿಗೋಲನ್ನು ಮೇಲಕ್ಕೆ ಎಳೆದಿಟ್ಟೆನು. ತೇಲಿಹೋಗುತ್ತಿದ್ದ ಹುಟ್ಟನ್ನು ಹಿಡಿಯಲು ಮತ್ತೆ ನೀರಿಗೆ ಇಳಿದೆ. ಆಳ ಎದೆಮಟ್ಟ. ನನ್ನ ಬಲಗಾಲು ಬಂಡೆಯ ಸಂದಿಗೆ ಹೋಯಿತು. ಅಲ್ಲಿ ಯಾರೋ ಬಿಟ್ಟುಹೋದ ನೈಲಾನ್ ಬಲೆ ಇತ್ತು. ಕಾಲು ಎಳೆದಷ್ಟೂ ಅದು ಮೊಣಕಾಲಿನವರೆಗೆ ಬಿಗಿಯಿತು. ಹಿಂದಿನಿಂದ ಬಂದ ನೀರು ನನ್ನನ್ನು ಮುಂದಕ್ಕೆ ಮಲಗಿಸಿತು. ಮುಖ ನೀರಿನೊಳಗೆ ಹೋಯಿತು. ಏಳಲು ಆಗಲಿಲ್ಲ.

ಎಷ್ಟು ಹೊತ್ತು ಎಂದು ನನಗೆ ತಿಳಿಯದು. ನಂತರ ನನ್ನ ಎದೆಯ ಕೆಳಗೆ ಒಂದು ಭುಜ ಬಂದು ನನ್ನನ್ನು ಮೇಲಕ್ಕೆತ್ತಿತು. ಉಸಿರು ಸಿಕ್ಕಿತು. ಸಂಗೀತಾ ಜಾಕೆಟ್ ಕಳಚಿ ಬಂದಿದ್ದಳು. ಜಾಕೆಟ್ ಇದ್ದರೆ ನೀರಿನೊಳಗೆ ಮುಳುಗಲು ಆಗುವುದಿಲ್ಲ, ಆದ್ದರಿಂದ ಕಳಚಿದ್ದು, ನಿಯಮ ಮುರಿಯಬೇಕೆಂದು ಅಲ್ಲ. ನಾನು ಅವಳಿಗೆ, "ಬಿಡು, ನನ್ನ ಬಿಡು, ನೀನು ಮೇಲಕ್ ಓಗು" ಎಂದು ಕೂಗಿದೆ. ವಿಡಿಯೋದಲ್ಲಿ ಕೇಳಿಸುವುದು ಈ ಮಾತು. ನೋಡಿದವರು ನಾನು ಪ್ರಾಣಭಿಕ್ಷೆ ಬೇಡುತ್ತಿದ್ದೇನೆ ಎಂದುಕೊಂಡಿದ್ದಾರೆ. ನಾನು ಅವಳನ್ನು ದಡ ಸೇರು ಎಂದು ಬೇಡುತ್ತಿದ್ದೆ. ಅವಳು, "ಸುಮ್ಕಿರಣ್ಣ, ಉಸುರು ಇಡ್ಕ" ಎಂದು ಹೇಳಿ ಸೊಂಟದ ಒರೆಯಿಂದ ಚಾಕು ತೆಗೆದು ಮುಳುಗಿದಳು.

ನೀರು ಕೆಂಪುಮಣ್ಣಿನದು, ಒಳಗೆ ಏನೂ ಕಾಣದು. ಅವಳ ಎಡಗೈ ನನ್ನ ತೊಡೆಯಿಂದ ಕೆಳಕ್ಕೆ ತಡವುತ್ತಾ ಹೋದದ್ದು ಗೊತ್ತಾಯಿತು. ಬಲೆಗೂ ನನ್ನ ಚರ್ಮಕ್ಕೂ ನಡುವೆ ಅವಳು ಎರಡು ಬೆರಳು ತೂರಿಸಿದಳು. ಬೆರಳುಗಳ ಮೇಲಿದ್ದ ಬಲೆಗೆ ಚಾಕು ಇಟ್ಟು ಎಳೆದಳು. ಒಮ್ಮೆ ಮೇಲೆ ಬಂದು ಉಸಿರು ತೆಗೆದುಕೊಂಡು ಮತ್ತೆ ಹೋದಳು. ಕೊನೆಯ ಎಳೆ ಮಾಂಸದೊಳಗೆ ಇಳಿದಿತ್ತು. ಅದನ್ನು ಕೊಯ್ಯುವಾಗ ಚಾಕು ಜಾರಿ ನನ್ನ ಕಾಲಿಗೆ ತಗುಲಿತು. ಕಾಲು ಬಿಡುಗಡೆಯಾಯಿತು. ಅವಳು ಚಾಕು ಹಿಡಿದು ಮೇಲೆ ಬಂದಳು, ನೀರಿನ ಮೇಲೆ ರಕ್ತ ಹರಡಿತು. ವಿಡಿಯೋ ಅಲ್ಲಿಗೆ ನಿಲ್ಲುತ್ತದೆ. ಆಮೇಲೆ ಅವಳು ನನ್ನ ಅಂಗಿಯ ಕಾಲರ್ ಹಿಡಿದು ಬಂಡೆಗೆ ಎಳೆದದ್ದು, ದುಪಟ್ಟಾ ಹರಿದು ಕಾಲಿಗೆ ಬಿಗಿದದ್ದು, ಬೇರೆ ಹರಿಗೋಲಿನವರು ಬರುವವರೆಗೆ ನನ್ನ ತಲೆಯನ್ನು ಮಡಿಲಲ್ಲಿ ಇಟ್ಟುಕೊಂಡು ನನ್ನನ್ನು ಬೈಯುತ್ತಲೇ ಇದ್ದದ್ದು ಅದರಲ್ಲಿ ಇಲ್ಲ.

12.25ಕ್ಕೆ ಈ ಆಸ್ಪತ್ರೆಗೆ ಬಂದೆವು. ಗಾಯ ಗೀರಿದ್ದು, ಚುಚ್ಚಿದ್ದಲ್ಲ, ತುದಿ ಚೂಪಾಗಿದ್ದರೆ ನರ ತುಂಡಾಗುತ್ತಿತ್ತು ಎಂದು ಡಾಕ್ಟರು ಹೇಳಿದರು. ಚಾಕುವಿನ ಗಾಯವಾದ್ದರಿಂದ ಅವರು ಪೊಲೀಸರಿಗೆ ತಿಳಿಸಿದ್ದು ಸರಿ. 4.30ಕ್ಕೆ ಪೊಲೀಸರು ಬಂದು ರಸೀದಿ ಕೊಟ್ಟು ಚಾಕು ತೆಗೆದುಕೊಂಡರು. ಸಂಗೀತಾಳನ್ನು ಠಾಣೆಗೆ ಕರೆದು ವಿಚಾರಿಸಿದರು. ಹೆಸರು ಕೇಸಿಗೆ ಸೇರಿದರೆ ಸೋಮವಾರದ ಕೆಲಸ ಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಆದರೂ ಪೊಲೀಸರು ಕೇಳಿದ ಕೂಡಲೇ ಅವಳು, ಅಣ್ಣನ ಕಾಲಿಗೆ ಚಾಕು ತಗುಲಿದ್ದು ತನ್ನ ಕೈಯಿಂದಲೇ ಎಂದು ಒಪ್ಪಿಕೊಂಡಳಂತೆ.

ಸಂಜೆ 6 ಗಂಟೆಗೆ ಸೇಲಂನ ಆ ಗಂಡ ಹೆಂಡತಿ ತಾವಾಗಿಯೇ ಠಾಣೆಗೆ ಬಂದು ನಡೆದದ್ದನ್ನು ಹೇಳಿದರು. ಜಲಪಾತ ಚಿತ್ರೀಕರಿಸುತ್ತಿದ್ದಾಗ ಸಿಕ್ಕ ವಿಡಿಯೋವನ್ನು ನೆಂಟರಿಗೆ ಮಾತ್ರ ಕಳಿಸಿದ್ದೆ, ಜಗಳ ಎಂದು ಬರೆದವರು ಯಾರೋ ಗೊತ್ತಿಲ್ಲ ಎಂದು ಆ ಹೆಂಗಸು ಅತ್ತರು. ಅವರ ಮೇಲೂ ನನಗೆ ಬೇಸರವಿಲ್ಲ.

ಈ ದಿನ ಬೆಳಿಗ್ಗೆ 8 ಗಂಟೆಗೆ ಮುನಿವೆಂಕಟಪ್ಪನವರು ಎರಡು ಬಸ್ ಬದಲಿಸಿ ಇಲ್ಲಿಗೆ ಬಂದರು. ನನ್ನ ಕಾಲನ್ನು ಒಮ್ಮೆ ನೋಡಿ, ಸಂಗೀತಾಳ ಪಕ್ಕ ಕುಳಿತು, "ಭಯ ಆಯ್ತೇನವ್ವಾ?" ಎಂದು ಕೇಳಿದರು. ಅವಳು "ಆಯ್ತು ಮಾಮಾ" ಎಂದಳು. ಆಗಬೇಕಾದ್ದೇ ಎಂದು ಅವರು ಅವಳ ತಲೆ ಸವರಿದರು. ನಿನ್ನೆಯಿಂದ ಅಳದೇ ಇದ್ದವಳು ಆಗ ಅತ್ತಳು. ಕಣ್ಣು ಒರೆಸಿಕೊಳ್ಳಲು ಸೆರಗಿನಿಂದ ಎಡಗೈ ಹೊರಗೆ ತೆಗೆದಾಗ ನಾನು ನೋಡಿದೆ. ಎರಡು ಬೆರಳಿಗೆ ಬಟ್ಟೆ ಸುತ್ತಿತ್ತು. ಬಿಚ್ಚಿಸಿದೆ. ತೋರುಬೆರಳೂ ನಡುಬೆರಳೂ ಅಡ್ಡಕ್ಕೆ ಕೊಯ್ದಿದ್ದವು. ನೀನು ನೋಡಿದರೆ ನನ್ನನ್ನು ಕಳಿಸುವುದಿಲ್ಲ, ಅದಕ್ಕೇ ಯಾರಿಗೂ ತೋರಿಸಲಿಲ್ಲ ಎಂದಳು. ಡಾಕ್ಟರನ್ನು ಕರೆದು ಹೊಲಿಗೆ ಹಾಕಿಸಿದೆನು. ಕಳಿಸುತ್ತೇನೆ ಎಂದು ಅವಳಿಗೆ ಹೇಳಿದ್ದೇನೆ. ನಾಳೆ ಮಧ್ಯಾಹ್ನ ಮೊರಪ್ಪೂರಿನಲ್ಲಿ ಅವಳನ್ನು ರೈಲು ಹತ್ತಿಸಲು ನನಗೆ ಆಗುವುದಿಲ್ಲ, ಮಾವನವರು ಹೋಗುತ್ತಾರೆ.

10.30ಕ್ಕೆ ಪ್ರಭಾಕರ್ ಅವರು ಹೊಳೆಯಿಂದ ತೆಗೆಸಿದ ಬಲೆಯನ್ನು ತಂದು ತೋರಿಸಿದರು. ಅದೇ ಬಲೆ ಎಂದು ಗುರುತಿಸಿದ್ದೇನೆ. ಕೇಸು ಆಗುವುದಿಲ್ಲ, ವರದಿ ಬರೆದು ಮುಗಿಸುತ್ತೇವೆ ಎಂದು ತಿಳಿಸಿ, ಚಾಕುವನ್ನು ನನ್ನ ಎದುರಿಗೆ ಸಂಗೀತಾಳ ಕೈಗೆ ಕೊಟ್ಟರು.

ಆಸ್ಪತ್ರೆಯ ಕಾಗದದಲ್ಲಿ, ಗಾಯ ಮಾಡಿದವರು ಎಂಬ ಕಡೆ ನನ್ನ ತಂಗಿಯ ಹೆಸರಿದೆ. ಅದು ಸುಳ್ಳಲ್ಲ, ಹೊಡೆದುಹಾಕಿ ಎಂದು ನಾನು ಕೇಳುವುದಿಲ್ಲ. ಕಾಪಾಡಿದವರು ಯಾರು ಎಂದು ಬರೆಯಲು ಜಾಗ ಎಲ್ಲಿ ಎಂದು ಕೇಳಿದೆ. ಅಂಥ ಜಾಗ ಅದರಲ್ಲಿ ಇಲ್ಲ ಎಂದರು. ಆದ್ದರಿಂದ ಇಲ್ಲಿ ಬರೆಸಿದ್ದೇನೆ. ಸಂಗೀತಾ, ತಂದೆ ದಿವಂಗತ ನಂಜಪ್ಪ, ವಯಸ್ಸು 23.

ನನಗೆ ತಮಿಳು ಓದಲು ಬರೆಯಲು ಬರುತ್ತದೆ. ಇದನ್ನು ಮನೆಮಾತಿನಲ್ಲೇ ಹೇಳಬೇಕೆನಿಸಿ, ಪ್ರಭಾಕರ್ ಅವರಿಗೂ ಕನ್ನಡ ಬರುವುದರಿಂದ, ಕನ್ನಡದಲ್ಲಿ ಹೇಳಿದ್ದೇನೆ. ಬರೆದದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದ್ದೇ ಇದೆ, ನಡೆದದ್ದೇ ಇದೆ.

ಸ್ಥಳ: ಪೆನ್ನಾಗರಂ
ದಿನಾಂಕ: 15.02.2025, ಬೆಳಿಗ್ಗೆ 11.50
(ಸಹಿ) ಶಿವಾ