ವಿಭೂತಿ ಹಚ್ಚಿಕೊಂಡ ಕಂಪ್ಯೂಟರ್ ಸಿಕ್ಕ ಬಗ್ಗೆ

ಹೇಳಿಕೆದಾರರು: ಭುವನೇಶ್ವರಿ ಗಂಡ ವೀರಬಸಪ್ಪ, ವಯಸ್ಸು 37 ವರ್ಷ, ಉದ್ಯೋಗ: ಮಹಿಳಾ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಶಿಕ್ಷಕಿ, ಸಾ: ಗಚ್ಚಿನಬಾವಿ ಓಣಿ, ಮಸ್ಕಿ, ತಾ: ಮಸ್ಕಿ, ಜಿ: ರಾಯಚೂರು.

ನಾನು ಮೇಲ್ಕಂಡ ವಿಳಾಸದಲ್ಲಿ ವಾಸವಾಗಿದ್ದು, ಇಂದು ಠಾಣೆಗೆ ಸ್ವಖುಷಿಯಿಂದ, ಬಹಳ ಖುಷಿಯಿಂದ ಹಾಜರಾಗಿ ಈ ಮೂಲಕ ತಿಳಿಸುವುದೇನೆಂದರೆ,

ನಮ್ಮ ತರಬೇತಿ ಕೇಂದ್ರವು ಸಿಂಧನೂರು ರಸ್ತೆಯಲ್ಲಿ ರಸಗೊಬ್ಬರದ ವ್ಯಾಪಾರಿ ಅಮರಗುಂಡಪ್ಪ ಇವರ ಅಂಗಡಿಯ ಮೇಲಿನ ಕೋಣೆಯಲ್ಲಿ ಇರುತ್ತದೆ. ಆರು ಕಂಪ್ಯೂಟರ್‌ಗಳಿವೆ. ಕಲಿಯಲು ಬರುವವರೆಲ್ಲ ಸಂಸಾರಸ್ಥ ಹೆಣ್ಣುಮಕ್ಕಳು. ಕೋಣೆಯ ಬೀಗದ ಕೈ ಸರ್ದಾರಬಿ, ವಯಸ್ಸು 45, ಕೌದಿ ಹೊಲಿಯುವ ಕೆಲಸ, ಇವರ ಬಳಿ ಇರುತ್ತದೆ. ಇವರೂ ನಮ್ಮಲ್ಲಿ ಕಲಿಯುವವರೇ. ಎಲ್ಲರಿಗಿಂತ ಮೊದಲು ಬಂದು ಕಸ ಹೊಡೆದು ಮಷೀನುಗಳ ಧೂಳು ಒರೆಸುತ್ತಾರೆ, ಯಾರೂ ಹೇಳದೆ ತಾವೇ ಹಚ್ಚಿಕೊಂಡ ಕೆಲಸ ಅದು. ಅವರನ್ನು ನಾವೆಲ್ಲ ಆಪಾ, ಅಂದರೆ ಅಕ್ಕ, ಎಂದು ಕರೆಯುತ್ತೇವೆ. ಇನ್ನೊಂದು ಬೀಗದ ಕೈ ಅಮರಗುಂಡಪ್ಪನವರ ಅಂಗಡಿಯ ಗಲ್ಲಾದಲ್ಲಿ ಇರುತ್ತದೆ.

ಮುಂದೆ ಹೇಳುವ ಮೊದಲು ಒಂದು ಮಾತು. ಕಳುವಾದ ವಸ್ತು ಯಾವುದೆಂದು ಕೇಳಿ ರೈಟರ್ ಸಾಹೇಬರು ಸಿಪಿಯು ಎಂದು ಬರೆದರು. ನಾನು ಒಪ್ಪಲಿಲ್ಲ. ಹಟ್ಟಿಯಿಂದ ಸಿಂಧನೂರಿನ ತನಕ ಎಲ್ಲರೂ ಇಡೀ ಡಬ್ಬಿಗೇ ಸಿಪಿಯು ಎನ್ನುತ್ತಾರೆ, ಅದು ತಪ್ಪು. ಸಿಪಿಯು ಅಂದರೆ ಪ್ರೊಸೆಸರ್, ಡಬ್ಬಿಯ ಒಳಗೆ ಫ್ಯಾನಿನ ಕೆಳಗೆ ಕೂತಿರುವ, ಶೇಂಗಾ ಚಿಕ್ಕಿಯ ಒಂದು ತುಂಡಿನಷ್ಟು ಇರುವ ವಸ್ತು. ಕಳುವಾಗಿದ್ದು ಮದರ್‌ಬೋರ್ಡ್, ಪ್ರೊಸೆಸರ್, ರ‍್ಯಾಮ್, ಹಾರ್ಡ್ ಡಿಸ್ಕ್, ಎಸ್‌ಎಂಪಿಎಸ್ ಎಲ್ಲ ಇದ್ದ ಪೂರಾ ಡಬ್ಬಿ. ನಾಳೆ ಕೋರ್ಟಿನಲ್ಲಿ ವಕೀಲರು ಇದನ್ನೇ ಹಿಡಿದು ಎಳೆದಾಡಬಾರದು ಎಂದು ತಿಳಿಸಿದೆ. ರೈಟರ್ ಸಾಹೇಬರು ನಕ್ಕು ತಿದ್ದಿದರು.

ನಾನು ಕಲಿಸುವ ಪದ್ಧತಿ ಹೀಗಿದೆ. ಕಲಿಕೆಗೆಂದೇ ಇಟ್ಟ ಒಂದು ಡಬ್ಬಿಯ ಪಕ್ಕದ ತಗಡನ್ನು ಬಿಚ್ಚಿಟ್ಟು, ಒಳಗಿನ ಒಂದೊಂದು ಭಾಗವನ್ನು ಒಬ್ಬೊಬ್ಬರ ಪಾಲಿಗೆ ಹಚ್ಚುತ್ತೇನೆ. ಆ ಭಾಗದ ಕೆಲಸವೇನೆಂದು ಅವರೇ ಎಲ್ಲರ ಮುಂದೆ ಎದ್ದು ನಿಂತು ಹೇಳಬೇಕು. ದೀಪಾ ಎಂಬ ಹುಡುಗಿಗೆ ಎಸ್‌ಎಂಪಿಎಸ್ ಕೊಟ್ಟಿದ್ದೆ. ಗೋಡೆಯಿಂದ ಬರುವ ಇನ್ನೂರಾ ಮೂವತ್ತು ವೋಲ್ಟನ್ನು ಇಳಿಸಿ ಒಳಗಿನವರಿಗೆ ಹನ್ನೆರಡು, ಐದು ಎಂದು ಹಂಚುವುದು ಅದರ ಕೆಲಸ. ಅತ್ತೆಯ ಮಾತನ್ನು ಮಕ್ಕಳಿಗೆ ಮುಟ್ಟಿಸುವಾಗ ತಾನು ಮಾಡುವುದೂ ಇದನ್ನೇ ಎಂದು ಆಕೆ ಹೇಳಿ ಎಲ್ಲರನ್ನೂ ನಗಿಸಿದ್ದಳು. ಕಸ್ತೂರೆಮ್ಮ, ವಯಸ್ಸು 61, ಇವರು ತಾವಾಗಿಯೇ ರ‍್ಯಾಮ್ ಬೇಡಿ ಪಡೆದರು. ಕೆಲಸ ನಡೆದಿರುವಷ್ಟು ಹೊತ್ತು ಬೇಕಾದ್ದನ್ನು ಕೈಯಲ್ಲಿ ಹಿಡಿದಿರುತ್ತದೆ, ಕರೆಂಟು ಹೋದ ಕೂಡಲೇ ಎಲ್ಲ ಮರೆಯುತ್ತದೆ. ತನ್ನ ಸ್ವಭಾವಕ್ಕೆ ಇದೇ ಸರಿ ಎಂದು ಅವರ ವಾದ. ಆಪಾ ಅವರಿಗೆ ಹಾರ್ಡ್ ಡಿಸ್ಕ್ ಕೊಟ್ಟೆ. ಪ್ರೊಸೆಸರ್ ಮಾತ್ರ ನಾನೇ ಇಟ್ಟುಕೊಂಡೆ. ಲೆಕ್ಕ ಮಾಡುವುದು, ಹುಕುಂ ಕೊಡುವುದು ಅದರ ಕೆಲಸವಾದ್ದರಿಂದ ಯಾರೂ ತಕರಾರು ಮಾಡಲಿಲ್ಲ.

ದಿನಾಂಕ 01-10-2025 ರಂದು ಮಹಾನವಮಿ ಇದ್ದು, ಬೆಳಿಗ್ಗೆ 11 ಗಂಟೆಗೆ ಕೇಂದ್ರದಲ್ಲಿ ಆಯುಧ ಪೂಜೆ ಇಟ್ಟುಕೊಂಡಿದ್ದೆವು. ಪೂಜೆ ಏನಿದ್ದರೂ ಹೊರಗಿನ ತಗಡಿಗೆ, ಒಳಗೆ ಯಾರೂ ಕೈ ಹಾಕಬಾರದು ಎಂದು ಮೂರು ಸಲ ಹೇಳಿ, ತೆಂಗಿನಕಾಯಿ ತರಲು ಕೆಳಗೆ ಹೋದೆ. ವಾಪಸ್ ಬಂದು ನೋಡಲಾಗಿ, ಕಸ್ತೂರೆಮ್ಮನವರು ಕಲಿಕೆಯ ಡಬ್ಬಿಯೊಳಗಿಂದ ರ‍್ಯಾಮ್ ಕಿತ್ತು, ಅದಕ್ಕೆ ಮೂರೆಳೆ ವಿಭೂತಿ ಎಳೆದು, ಮತ್ತೆ ಅದರ ಜಾಗದಲ್ಲಿ ಕೂರಿಸಿದ್ದರು. ಕೀಳುವುದು ಕೂರಿಸುವುದು ನಾನೇ ಕಲಿಸಿದ್ದು. ದೀಪಾ ಎಸ್‌ಎಂಪಿಎಸ್‌ಗೆ ಕುಂಕುಮ ಹಚ್ಚಿದ್ದಳು. ಚೆಂಡು ಹೂವಿನ ಹಾರವನ್ನೂ ಆ ಒಂದು ಡಬ್ಬಿಗೇ ಹಾಕಿದ್ದರು. ನಾನು ಬಾಯಿ ಮಾಡಿದೆ. ಅದಕ್ಕೆ ಕಸ್ತೂರೆಮ್ಮನವರು, ದುಡಿಯೋವೆಲ್ಲಾ ಒಳಗ ಅದಾವು, ಬರೇ ತಗಡಿಗೆ ಪೂಜಿ ಮಾಡಿದ್ರ ಅವಕ್ಕ ಹ್ಯಾಂಗ ಮುಟ್ಟಬೇಕವ್ವಾ ಎಂದು ನನ್ನನ್ನೇ ಕೇಳಿದರು.

ಕಾಯಿ ಒಡೆದು ಸ್ವಿಚ್ ಹಾಕಲಾಗಿ, ಬಾಕಿ ಐದು ಚಾಲೂ ಆದವು. ಕಲಿಕೆಯ ಡಬ್ಬಿ ಮಾತ್ರ ಕುಂಯ್ ಕುಂಯ್ ಎಂದು ಬಿಟ್ಟು ಬಿಟ್ಟು ಕೂಗಿತು, ಸ್ಕ್ರೀನಿನ ಮೇಲೆ ಏನೂ ಬರಲಿಲ್ಲ. ರ‍್ಯಾಮ್ ಕೂರುವ ಸಂದಿಯಲ್ಲಿ ವಿಭೂತಿ ಪುಡಿ ಹೋಗಿ ಕೂತಿತ್ತು. ಮಷೀನು ರ‍್ಯಾಮ್ ಕಾಣದಿದ್ದಾಗ ಹಾಗೆ ಕೂಗುತ್ತದೆ. ಕಸ್ತೂರೆಮ್ಮನವರ ಮುಖ ಸಣ್ಣದಾಯಿತು. ಹಬ್ಬ ಮುಗಿದ ಮೇಲೆ ಒರೆಸಿದರೆ ಸರಿಯಾಗುತ್ತದೆ ಎಂದು ಸಮಾಧಾನ ಹೇಳಿ, ಬೀಗ ಹಾಕಿಸಿ ಮನೆಗೆ ಹೋದೆ.

ದಿನಾಂಕ 06-10-2025 ಸೋಮವಾರ ಬೆಳಿಗ್ಗೆ ಆಪಾ ಬಾಗಿಲು ತೆಗೆದು ನನಗೆ ಫೋನ್ ಮಾಡಿದರು. ಸ್ಕ್ರೀನು, ಕೀಬೋರ್ಡು, ಮೌಸು ಇದ್ದಲ್ಲೇ ಇದ್ದವು, ಕಲಿಕೆಯ ಡಬ್ಬಿ ಇರಲಿಲ್ಲ. ಬೀಗ ಮುರಿದಿರಲಿಲ್ಲ. ನಾನು ಹೋಗುವಷ್ಟರಲ್ಲಿ ಅಮರಗುಂಡಪ್ಪನವರು ತಮ್ಮ ಅಂಗಡಿಯ ಮುಂದೆ ನಿಂತು, ಹಮಾಲರು, ಗಿರಾಕಿಗಳು, ಎದುರಿನ ಚಹಾದಂಗಡಿಯವರು ಎಲ್ಲರೂ ಕೇಳುವಂತೆ, ಬೀಗ ಮುರದಿಲ್ಲ ಅಂದ ಮ್ಯಾಲ ಕೈ ಇಟಗೊಂಡಾಕಿನ ಕಳ್ಳಿ, ಇದರಾಗ ವಿಚಾರ ಮಾಡೋದೇನೈತಿ ಎಂದು ಕೂಗಾಡುತ್ತಿದ್ದರು. ಗಲ್ಲಾದಲ್ಲಿದ್ದ ಎರಡನೆಯ ಬೀಗದ ಕೈಯ ಮಾತನ್ನು ನಾನು ಎತ್ತಿದೆ. ಅದಕ್ಕೆ ಅವರು, ನಮ್ಮ ಮನಿತನದ ಮ್ಯಾಲ ಬರಾಕತ್ತೀಯೇನು ಎಂದು ನನಗೂ ಜೋರು ಮಾಡಿದರು. ಆಪಾ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟು ಮನೆಗೆ ಹೋದರು. ಅದೇ ದಿನ ನಾನು ಠಾಣೆಗೆ ಬಂದು ಫಿರ್ಯಾದಿ ಕೊಟ್ಟಿದ್ದು ದಾಖಲಾಗಿರುತ್ತದೆ.

ಆ ಮೇಲೆ ಆಪಾ ಕ್ಲಾಸಿಗೆ ಬರಲಿಲ್ಲ. ಕೌದಿ ಹೊಲಿಯಲೆಂದು ಕೊಟ್ಟಿದ್ದ ಹಳೇ ಸೀರೆಗಳನ್ನು ಓಣಿಯ ಮೂರು ಮನೆಯವರು ವಾಪಸ್ ಕೇಳಿ ತೆಗೆದುಕೊಂಡು ಹೋದರು. ಹರಕು ಸೀರೆ ಕದ್ದು ಆಕೆ ಏನು ಮಾಡಿಯಾರು? ನಾನು ಅವರ ಮನೆಗೆ ಹೋಗಿ ಕರೆದಾಗ ಅವರು, ಡಬ್ಬಿ ಸಿಗಲಿ, ಆಮ್ಯಾಲ ಬರ್ತೀನ್ರೀ ಟೀಚರ್ರ, ಈಗ ಬಂದ್ರ ಎಲ್ಲಾರೂ ನನ್ನ ಕೈನ ನೋಡತಾರ ಎಂದು ಹೇಳಿದರು. ನಾನು ಅಲ್ಲಿ ಅಳಬಾರದೆಂದು ಎದ್ದು ಬಂದೆ.

ದಿನಾಂಕ 12-10-2025 ಭಾನುವಾರ ಬೆಳಿಗ್ಗೆ ದೀಪಾ ಫೋನ್ ಮಾಡಿದಳು. ಆಕೆಯ ಗಂಡ ಹಟ್ಟಿ ಗಣಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಾನೆ. ಅವನ ಮೊಬೈಲಿನಲ್ಲಿ ಲಿಂಗಸುಗೂರಿನ ಕಂಪ್ಯೂಟರ್ ರಿಪೇರಿ ಅಂಗಡಿಯ ಗಂಗಾಧರ ಎಂಬುವರ ಸ್ಟೇಟಸ್ ಇತ್ತು. ಬಿಚ್ಚಿದ ಡಬ್ಬಿಯ ವಿಡಿಯೋ ಹಾಕಿ, ರ‍್ಯಾಮಿನ ಮೇಲಿನ ಮೂರೆಳೆ ವಿಭೂತಿಯನ್ನು ಹತ್ತಿರದಿಂದ ತೋರಿಸಿ, ಕೆಳಗೆ, ಈ ಕಂಪ್ಯೂಟರ್ ದೀಕ್ಷಾ ತಗೊಂಡೈತಿ, ಅದಕ್ಕ ಮಾತಾಡವಲ್ದು ಎಂದು ಬರೆದಿದ್ದರು. ದೀಪಾ ಫೋನಿನಲ್ಲಿ ಚೀರಿದ್ದನ್ನು ಇದ್ದಂತೆಯೇ ಬರೆಯಬೇಕೆಂದು ಕೋರುತ್ತೇನೆ: ಟೀಚರ್ರ, ನಮ್ಮ ಕಸ್ತೂರೆಮ್ಮಾರ ರ‍್ಯಾಮು ಲಿಂಗಸುಗೂರಾಗ ಕುಂತೈತ್ರೀ! ಒಲೆಯ ಮೇಲಿದ್ದ ಹಾಲು ಉಕ್ಕಿ ಪೂರಾ ಹೋಯಿತು. ಹೋದರೆ ಹೋಗಲಿ ಎಂದು ನಾನು ಅಲ್ಲೇ ನಿಂತು ಕುಣಿದೆ.

ದಿನಾಂಕ 13-10-2025 ರಂದು ಠಾಣೆಗೆ ತಿಳಿಸಿ, ಹೆಡ್ ಕಾನ್ಸ್‌ಟೇಬಲ್ ಶೇಕ್ಷಾವಲಿ ಇವರೊಂದಿಗೆ ನಾನು, ದೀಪಾ ಮತ್ತು ಕಸ್ತೂರೆಮ್ಮ ಲಿಂಗಸುಗೂರಿಗೆ ಹೋದೆವು. ಮೊಣಕಾಲು ನೋವಿದೆ, ನೀವು ಬರಬೇಡಿ ಎಂದು ಹೇಳಿದರೂ ಕಸ್ತೂರೆಮ್ಮನವರು ಕೇಳದೆ, ನನ್ನ ರ‍್ಯಾಮು ನಾನ ನೋಡಬೇಕು ಎಂದು ಎಲ್ಲರಿಗಿಂತ ಮೊದಲು ಗಾಡಿ ಹತ್ತಿ ಕೂತರು. ಗಂಗಾಧರ ಇವರು ಒಳ್ಳೆಯ ಮನುಷ್ಯರು. ನೋಡಲು ಬರುವವರೇ ಬಹಳವಾಗಿ ಇನ್ನೂ ರಿಪೇರಿಗೆ ಕೈ ಹಚ್ಚಿಲ್ಲ, ಡಬ್ಬಿ ತಂದವರು ಮಧ್ಯಾಹ್ನ ಬರುತ್ತಾರೆ ಎಂದು ತಿಳಿಸಿದರು. ನಾವು ಅಂಗಡಿಯ ಒಳಗೇ ಕೂತು ಕಾದೆವು. ಮಧ್ಯಾಹ್ನ 1 ಗಂಟೆಗೆ ಬಂದವನು ಅಮರಗುಂಡಪ್ಪನವರ ತಮ್ಮನ ಮಗ ಪಂಪಾಪತಿ, ವಯಸ್ಸು 26.

ನಮ್ಮನ್ನು ಕಂಡು ಅವನ ಮುಖದ ನೀರು ಇಳಿಯಿತು, ಆದರೆ ಬಾಯಿ ಇಳಿಯಲಿಲ್ಲ. ತಾನು ತುರ್ವಿಹಾಳದಲ್ಲಿ ಫೋಟೋ ಪ್ರಿಂಟಿನ ಅಂಗಡಿ ಹಾಕುವವನಿದ್ದು, ಇದನ್ನು ಸಿಂಧನೂರಿನಲ್ಲಿ ಯಾರಿಂದಲೋ ಹಳೇದು ಕೊಂಡಿದ್ದೇನೆ ಎಂದನು. ಒಳಗೆ ಏನೇನಿದೆ ಹೇಳು ಎಂದು ಹೆಡ್ ಕಾನ್ಸ್‌ಟೇಬಲ್ ಕೇಳಿದರು. ಸಿಪಿಯು ಒಳಗ ಇನ್ನೇನ್ ಇರ್ತೈತ್ರೀ, ಸಿಪಿಯುನ ಇರ್ತೈತಿ ಎಂದನು. ಆಗ ಕಸ್ತೂರೆಮ್ಮನವರು ಕನ್ನಡಕ ಹಾಕಿಕೊಂಡು ಬಗ್ಗಿ, ಕ್ಲಿಪ್ಪು ಒತ್ತಿ ರ‍್ಯಾಮ್ ಎತ್ತಿ ಹಿಡಿದು, ಇದು ಕರೆಂಟ್ ಹೋದ್ರ ಮರೀತೈತಿ, ನಾ ಮರಿಯಾಕಿ ಅಲ್ಲಪಾ, ಈ ಮೂರೆಳಿ ನನ್ನ ಕೈ ಬಟ್ಟಿನ್ವು ಎಂದು ಅವನ ಮುಖದ ಮುಂದೆ ತಂದರು. ದೀಪಾ ಎಸ್‌ಎಂಪಿಎಸ್ ತೋರಿಸಿ ಅದರ ಕೆಲಸವನ್ನು ಪಾಠದಂತೆ ಒಪ್ಪಿಸಿದಳು. ಅಂಗಡಿಯ ಮುಂದೆ ಮಂದಿ ಕೂಡಿದರು. ಪಂಪಾಪತಿಯೋ ಪಾಕಡಾ, ಬಲು ಚಾಲಾಕಿ. ಈ ಜಿಲ್ಲಾದಾಗ ವಿಭೂತಿ ಹಚ್ಚದವರು ಯಾರದಾರ, ನಾನೂ ಮಾನೌಮಿಗೆ ಪೂಜಿ ಮಾಡೀನಿ ಎಂದುಬಿಟ್ಟನು. ಡಬ್ಬಿಯನ್ನು ಜಪ್ತಿ ಮಾಡಿ ಮಸ್ಕಿಗೆ ತಂದರು.

ಇಂದು ಬೆಳಿಗ್ಗೆ 10:30ಕ್ಕೆ ಠಾಣೆಯಲ್ಲಿ ಪಿಎಸ್‌ಐ ಸಾಹೇಬರ ಮುಂದೆ ಎಲ್ಲರನ್ನೂ ಕರೆಸಲಾಯಿತು. ಅಮರಗುಂಡಪ್ಪನವರು ತಮ್ಮ ಹುಡುಗನ ಪರವಾಗಿ ನಿಂತು, ವಿಭೂತಿ ಸಾಕ್ಷಿ ಹೇಳುವುದಿಲ್ಲ ಎಂದು ವಾದಿಸಿದರು. ನಾನು ಆಪಾ ಅವರನ್ನು ಕರೆತರಲು ದೀಪಾಳನ್ನು ಕಳಿಸಿದ್ದೆ. ಆಪಾ ಬಂದು ಬಾಗಿಲಲ್ಲೇ ನಿಂತರು. ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಸಾಹೇಬರ ಅನುಮತಿ ಕೇಳಿ, ಹಾರ್ಡ್ ಡಿಸ್ಕಿನ ಹಿಂದ ಏನೈತಿ ಅಂತ ಮೊದಲ ಆ ಹುಡುಗನ್ನ ಕೇಳ್ರಿ ಎಂದರು. ಪಂಪಾಪತಿ, ಅಲ್ಲೂ ವಿಭೂತಿನ ಐತ್ರೀ ಎಂದನು. ಅಲ್ರೀ, ಅತ್ತರಿನ ಹತ್ತಿ ಐತಿ ಎಂದು ಆಪಾ ಹೇಳಿದರು. ಪೂಜೆಯ ದಿನ ಎಲ್ಲರೂ ತಮ್ಮ ತಮ್ಮ ಭಾಗಕ್ಕೆ ಏನಾದರೊಂದು ಹಚ್ಚಿದರಂತೆ. ತನ್ನ ಹಾರ್ಡ್ ಡಿಸ್ಕ್ ಮಾತ್ರ ಬರಿದೇ ಇರಬಾರದೆಂದು ಆಪಾ ಮನೆಯಿಂದ ತಂದಿದ್ದ ಅತ್ತರಿನ ಹತ್ತಿಯನ್ನು ಅದರ ಹಿಂದೆ ಸಿಕ್ಕಿಸಿದ್ದರಂತೆ. ನಾನು ತೆಂಗಿನಕಾಯಿಗೆ ಹೋದಾಗ ನಡೆದ ಈ ಮಾತು ನನಗೂ ಗೊತ್ತಿರಲಿಲ್ಲ.

ಸಾಹೇಬರ ಹುಕುಮಿನ ಮೇರೆಗೆ ನಾನೇ ಸ್ಕ್ರೂ ಬಿಚ್ಚಿ ಹಾರ್ಡ್ ಡಿಸ್ಕ್ ಹೊರಗೆಳೆದೆ. ಬಟಾಣಿ ಕಾಳಿನಷ್ಟು ಹತ್ತಿ ಅಲ್ಲಿಯೇ ಇತ್ತು. ಶೇಕ್ಷಾವಲಿ ಇವರು ಮೂಗಿಗೆ ಹಿಡಿದು ನೋಡಿ, ಮೊಗರಾ ಅತ್ತರು ಸಾಹೇಬ್ರ, ಅಸಲಿ ಐತಿ ಎಂದರು. ಪಂಪಾಪತಿ ಅಲ್ಲೇ ಬೆಂಚಿನ ಮೇಲೆ ಕುಸಿದು, ಗಲ್ಲಾದಲ್ಲಿದ್ದ ಬೀಗದ ಕೈ ತೆಗೆದುಕೊಂಡು ತಾನೇ ಒಯ್ದಿದ್ದಾಗಿ ಒಪ್ಪಿದನು. ಆರರಲ್ಲಿ ಇದೊಂದನ್ನೇ ಯಾಕೆ ಒಯ್ದೆ ಎಂದು ಕೇಳಲಾಗಿ, ಇದಕ್ಕ ಹಾರ ಹಾಕಿದ್ರು, ಇದ ಎಲ್ಲಾದಕ್ಕಿಂತ ಚಲೋದು ಇರಬೇಕು ಅಂತ ತಿಳಕೊಂಡ್ಯಾ ಎಂದನು. ಆರರೊಳಗೆ ಕೆಟ್ಟು ನಿಂತಿದ್ದನ್ನೇ ಆರಿಸಿ ಹೊತ್ತಿದ್ದಾನೆ ಪುಣ್ಯಾತ್ಮ! ಕೆಟ್ಟಿರದಿದ್ದರೆ ರಿಪೇರಿಗೆ ಒಯ್ಯುತ್ತಿರಲಿಲ್ಲ, ನಮಗೆ ಸಿಗುತ್ತಲೂ ಇರಲಿಲ್ಲ. ಕಸ್ತೂರೆಮ್ಮನವರಿಗೆ ನಾನು ಬೈದದ್ದನ್ನೆಲ್ಲ ಈ ಮೂಲಕ ವಾಪಸ್ ತೆಗೆದುಕೊಂಡಿರುತ್ತೇನೆ.

ನಂತರ ಮಷೀನು ನಡೆಯುತ್ತದೆಯೇ ಎಂದು ಸಾಹೇಬರು ಕೇಳಿದರು. ರ‍್ಯಾಮಿನ ಹಿತ್ತಾಳೆ ಬಣ್ಣದ ಅಂಚನ್ನು ರಬ್ಬರಿನಿಂದ ಉಜ್ಜಿ, ಸಂದಿಯಲ್ಲಿನ ಪುಡಿಯನ್ನು ಬ್ರಷ್ಷಿನಿಂದ ತೆಗೆದು, ಠಾಣೆಯ ಸ್ಕ್ರೀನಿಗೇ ಹಚ್ಚಿ ಸ್ವಿಚ್ ಹಾಕಿದೆ. ಒಂದೇ ಸಲ ಕುಂಯ್ ಎಂದು ಚಾಲೂ ಆಯಿತು. ಹಾರ್ಡ್ ಡಿಸ್ಕಿನಲ್ಲಿ ನಮ್ಮವರೆಲ್ಲರ ಹೆಸರಿನ ಫೋಲ್ಡರ್‌ಗಳು ಇದ್ದವು. ಆಪಾ ಟೈಪ್ ಮಾಡಿದ್ದ ಪಾಠವನ್ನು ತೆರೆದು ಸಾಹೇಬರು ಗಟ್ಟಿಯಾಗಿ ಓದಿದರು: ಹಾರ್ಡ್ ಡಿಸ್ಕ್, ಕರೆಂಟು ಇದ್ದರೂ ಹೋದರೂ ಇಟ್ಟಿದ್ದನ್ನು ಇಟ್ಟ ಹಾಗೆಯೇ ಕಾಯುತ್ತದೆ, ಸರ್ದಾರಬಿ. ಗೆದ್ದೆವು ಎಂದು ನಾನು ಕೂಗಿದ್ದು ನಿಜ. ದೀಪಾ ಸಿಳ್ಳೆ ಹಾಕಿದ್ದೂ ನಿಜ. ಠಾಣೆಯಲ್ಲಿ ಹಾಗೆ ಮಾಡಬಾರದೆಂದು ಸಾಹೇಬರು ಹೇಳಿದರು, ಆದರೆ ನಗುತ್ತಾ ಹೇಳಿದರು.

ಅಮರಗುಂಡಪ್ಪನವರು ಆಪಾ ಅವರ ಹತ್ತಿರ ಬಂದು ಸಣ್ಣ ದನಿಯಲ್ಲಿ, ತಂಗೀ, ಹುಡುಗಗ ಬುದ್ಧಿ ಇಲ್ಲ, ನಾನೂ ಸಿಟ್ಟಿನ್ಯಾಗ ಏನೇನೋ ಅಂದ್ಯಾ, ತಪ್ಪಾತು, ಇಲ್ಲೇ ಮುಗಿಸಿಬಿಡೂಣು ಎಂದು ಕೈ ಮುಗಿದರು. ಹುಡುಗನ ವಿಷಯ ಕಾಯ್ದೆ ನೋಡಿಕೊಳ್ಳುತ್ತದೆ ಎಂದು ಸಾಹೇಬರು ಅವರಿಗೆ ತಿಳಿಸಿದರು. ಆಪಾ ಇಷ್ಟು ದಿನ ಇಟ್ಟುಕೊಂಡಿದ್ದ ಮಾತನ್ನು ಆಗ ಆಡಿದರು. ಸಾವ್ಕಾರ್ರ, ನೀವು ಕಳ್ಳಿ ಅಂದದ್ದು ಠಾಣ್ಯಾಗ ಅಲ್ಲ. ನಿಮ್ಮ ಅಂಗಡಿ ಮುಂದ ನಿಂತು ಅಂದ್ರಿ. ಹಮಾಲ್ರು ಕೇಳ್ಯಾರ, ಚಾದಂಗಡಿಯಾವ್ರು ಕೇಳ್ಯಾರ, ಸೀರಿ ವಾಪಸ್ ಒಯ್ದವ್ರು ಕೇಳ್ಯಾರ. ಅಲ್ಲೇ ನಿಂತು, ಅಷ್ಟೇ ಗಟ್ಟಿ ದನೀಲೆ, ಸರ್ದಾರಬಿ ಕಳ್ಳಿ ಅಲ್ಲ ಅಂತ ಹೇಳ್ರಿ. ಇಲ್ಲಿ ನೀವು ಅಂದದ್ದು ನಾ ಕೇಳಿಲ್ಲ ಎಂದರು. ಅಮರಗುಂಡಪ್ಪನವರು ಸಾಹೇಬರ ಮುಖ ನೋಡಿದರು. ಸಾಹೇಬರು ಕಾಗದ ನೋಡುತ್ತಿದ್ದರು. ಅಮರಗುಂಡಪ್ಪನವರು ಬಾಗಿಲ ಕಡೆ ತಿರುಗಿ, ನಡೀವಾ ತಂಗೀ ಎಂದರು.

ಇಲ್ಲಿಯ ತನಕ ಬರೆಸಿದ್ದನ್ನು ನನಗೆ ಓದಿ ಹೇಳಲಾಗಿ, ನಾನು ಕಂಡದ್ದು ಕೇಳಿದ್ದು ಬಿಟ್ಟರೆ ಇದರಲ್ಲಿ ಬೇರೆ ಏನೂ ಸೇರಿಲ್ಲ, ಎಲ್ಲವೂ ಖರೇ ಇರುತ್ತದೆ. ಇನ್ನೂ ಕೇಳುವುದಿದ್ದರೆ ನಾಳೆ ಬಂದು ಹೇಳುತ್ತೇನೆ. ಅಮರಗುಂಡಪ್ಪನವರು ಹೊರಗೆ ಸ್ಕೂಟರ್ ಚಾಲೂ ಮಾಡಿದ್ದಾರೆ. ಆಪಾ ಗಾಡಿ ಹತ್ತಲಿಲ್ಲ. ನಡು ಬಜಾರಿನಲ್ಲಿ ನಡೆದೇ ಹೊರಟಿದ್ದಾರೆ, ನಮ್ಮ ಹೆಣ್ಣುಮಕ್ಕಳೆಲ್ಲ ಅವರ ಹಿಂದೆ ಇದ್ದಾರೆ, ಸ್ಕೂಟರು ಎಲ್ಲರ ಹಿಂದೆ ಮೆಲ್ಲಗೆ ಹೋಗುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ. ನಾನು ಅಂಗಡಿ ಮುಟ್ಟುವ ತನಕ ಅವರು ಆ ಮಾತು ಹೇಳಲು ಶುರು ಮಾಡಬಾರದೆಂದು ಹೇಳಿ ಕಳಿಸಿದ್ದೇನೆ. ಆದ್ದರಿಂದ ದಯವಿಟ್ಟು ಬೇಗ ಸಹಿ ತೆಗೆದುಕೊಳ್ಳಬೇಕು.

ಸ್ಥಳ: ಮಸ್ಕಿ
ದಿನಾಂಕ: 14-10-2025
ಸಹಿ/- ಭುವನೇಶ್ವರಿ