ಹಳೇ ಸೀಟಿಗೆ ಹೊಸ ಪ್ಲಾಸ್ಟಿಕ್

ಮೂಡುಬಿದಿರೆ ಬಸ್‌ಸ್ಟ್ಯಾಂಡಿನಲ್ಲಿ ನಾರಾವಿ ಬಸ್ಸಿಗೆ ಕಾಯುತ್ತಿದ್ದ ಕಾಂತಿಯ ಪಕ್ಕದಲ್ಲಿ ಇಬ್ಬರು ಗಂಡಸರು ಬಂದು ಕುಳಿತರು. ಕಿರಿಯವನು ಹಿರಿಯರನ್ನು ಭಾವ ಎನ್ನುತ್ತಿದ್ದ. ಯಾವುದೋ ಹಳೇ ಡೀಸೆಲ್ ಗಾಡಿ ಕೊಳ್ಳಲೆಂದು ನೋಡಿಬಂದವರು. ಭಾವನ ಮುಖ ಹರಳೆಣ್ಣೆ ಕುಡಿದಂತಿತ್ತು.

“ಹನ್ನೆರಡು ವರ್ಷದ ಗಾಡಿ, ಓಡಿದ್ದು ನಲವತ್ತೇ ಸಾವಿರ ಅಂತೆ. ಥೂ.”

“ಬೆಳ್ತಂಗಡಿಯದ್ದು ಆರೇ ವರ್ಷದ್ದಿತ್ತು. ಎರಡು ಲಕ್ಷ ಓಡಿದೆ ಅಂತ ನೀವೇ ಬೇಡ ಅಂದದ್ದು.”

“ಅವ ಸತ್ಯವಾದ್ರೂ ಹೇಳಿದ್ದ ಮಾರಾಯ. ಇವನ ಕ್ಲಚ್ ಪೆಡಲ್ ನೋಡಿದಿಯಾ? ರಬ್ಬರ್ ಸವೆದು ಬೋಳಾಗಿದೆ. ಚಾರ್ಮಾಡಿ ಘಾಟಿ ಹತ್ತಿ ಇಳಿದೇ ಆಯುಷ್ಯ ಕಳೆದ ಗಾಡಿ ಅದು.”

“ಸೀಟಿನ ಪ್ಲಾಸ್ಟಿಕ್ ಸಹ ಇನ್ನೂ ತೆಗೆದಿರ್ಲಿಲ್ಲ ಅಲ್ವಾ?”

“ಅದೇ ಹೇಸಿಗೆ. ಪ್ಲಾಸ್ಟಿಕ್ ಹೊಸತು, ಅಡಿಯಲ್ಲಿ ಸೀಟಿಗೆ ಬೆವರಿನ ನಾತ. ಮೀಟರ್ ತಿರುಗಿಸಿದ್ದು ಸಾಲದು ಅಂತ ಇದೊಂದು ವೇಷ. ಇಂಥವರ ಮನೆಯಲ್ಲಿ ನೀರು ಸಹ ಕುಡಿಯಬಾರದು.”

“ನೀವು ಎರಡು ಗ್ಲಾಸು ಶರಬತ್ತು ಕುಡಿದ್ರಲ್ಲ.”

“ಆಗ ಪೆಡಲ್ ನೋಡಿರ್ಲಿಲ್ಲ.”

ಇಷ್ಟು ನೊಂದುಕೊಂಡ ಮನುಷ್ಯನನ್ನು ಕಂಡು ಕಾಂತಿಗೆ ಅಯ್ಯೋ ಪಾಪ ಎನಿಸಿತು. ಅಷ್ಟರಲ್ಲಿ ಬಂಟ್ವಾಳದ ಬಸ್ಸು ಬಂತು. ಇಬ್ಬರೂ ಎದ್ದರು.

“ಭಾವ, ನಾವು ಮಾರುವ ಹಳೇ ಗಾಡಿ ನೋಡ್ಲಿಕ್ಕೆ ಭಾನುವಾರ ನಿಝಾರ್ ಬರ್ತಾನಲ್ಲ. ಅವನಿಗೆ ಎಂತ ಹೇಳುವ?”

ಭಾವ ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಹಿಂದಿರುಗಿ ನೋಡಿದರು. ದನಿ ತಗ್ಗಿಸಿದರೂ ಕಾಂತಿಗೆ ಕೇಳಿಸಿತು.

“ಆ ಪ್ಲಾಸ್ಟಿಕ್ ಎಲ್ಲಿ ಸಿಗ್ತದೆ ಅಂತ ಇವತ್ತಿನ ಗಾಡಿಯವನ ಹತ್ರ ಕೇಳಿದಿಯಾ?”