ಅಡ್ಡ ಬಂದ ಸೆರಗು

ದೃಷ್ಟಾಂತವೆಂದ ಮೇಲೆ ಅದರಲ್ಲಿ ಒಬ್ಬ ಶ್ರೀಮಂತ ಇರಲೇಬೇಕಲ್ಲ. ಆದ್ದರಿಂದ ಇಲ್ಲಿಯೂ ಒಬ್ಬನಿದ್ದಾನೆ. ಒಂದು ಪಟ್ಟಣ, ಅಲ್ಲೊಬ್ಬ ಜವಳಿ ವ್ಯಾಪಾರಿ. ಅಂಗಡಿಯನ್ನು ಮಗಳ ಕೈಗೆ ಒಪ್ಪಿಸಿ, ಅರವತ್ತರ ಹೊಸ್ತಿಲಲ್ಲಿ ಅವನೊಂದು ಕ್ಯಾಮೆರಾ ಕೊಂಡ. ಎಂಥ ಕ್ಯಾಮೆರಾ ಅಂತೀರಿ! ಅದರ ಲೆನ್ಸೇ ನಮ್ಮ ಮನೆಗಳ ಹಾಲಿನ ತಂಬಿಗೆಯಷ್ಟು ದಪ್ಪ. ಅದನ್ನು ಕೊರಳಿಗೆ ಹಾಕಿಕೊಂಡು ಅವನು ಬೀದಿಗಿಳಿದರೆ ಜನ ಕೈಮುಗಿಯುತ್ತಿದ್ದರು. ಅವನಿಗೋ ಲೆನ್ಸಿಗೋ, ತಿಳಿಯುತ್ತಿರಲಿಲ್ಲ.

ಆ ಪಟ್ಟಣದ ಹವ್ಯಾಸಿ ಛಾಯಾಗ್ರಾಹಕರು ಪ್ರತಿ ಭಾನುವಾರ ಬೆಳಿಗ್ಗೆ ಒಂದು ಫೋಟೊ ಸ್ಟುಡಿಯೊದ ಹಿಂಗೋಣೆಯಲ್ಲಿ ಸೇರುತ್ತಿದ್ದರು. ಅವರದೊಂದು ಕಟ್ಟಳೆ ಇತ್ತು, ಗಮನವಿಟ್ಟು ಕೇಳಿ. ಪ್ರತಿಯೊಬ್ಬರೂ ದಿನನಿತ್ಯದ ಬದುಕಿನ ಒಂದು ಚಿತ್ರವನ್ನು ಶನಿವಾರವೇ ಸ್ಟುಡಿಯೊದವನಿಗೆ ಕೊಡಬೇಕು. ಅವನು ಅದನ್ನು ಪ್ರಿಂಟ್ ಹಾಕಿ, ಹೆಸರಿಲ್ಲದೆ ಮೇಜಿನ ಮೇಲೆ ಇಡುತ್ತಾನೆ. ಚಿತ್ರ ಚೆನ್ನಾಗಿದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ನೋಡಿದಾಗ ಏನು ನೆನಪಾಯಿತು? ಅಷ್ಟನ್ನೇ ಹೇಳಬೇಕು. ತೆಗೆದವರು ಬಾಯಿ ಬಿಡುವಂತಿಲ್ಲ. ಎಲ್ಲರದೂ ಮುಗಿದ ಬಳಿಕ ಅವರು ಎದ್ದು ನಿಂತು, ಆ ಗಳಿಗೆಯ ತಮ್ಮ ನೆನಪನ್ನು ಹೇಳಬೇಕು. ಆಗ ಮಾತ್ರ ಆ ಚಿತ್ರ ಗೋಡೆಗೆ ಏರುತ್ತದೆ. ಯಾರಿಗೂ ಏನೂ ನೆನಪಾಗದ ಚಿತ್ರದ ಕಥೆ ಅಲ್ಲಿಗೇ ಮುಗಿಯಿತು.

ಒಮ್ಮೆ ಬಸ್ ಕಂಡಕ್ಟರೊಬ್ಬ ತನ್ನ ಮೊಬೈಲಿನಲ್ಲಿ ತೆಗೆದ ಚಿತ್ರ ಮೇಜಿಗೆ ಬಂತು. ಏನದು? ಖಾಲಿ ಸೀಟು, ಅದರ ಮೇಲೆ ಯಾರೋ ಸೀಟು ಹಿಡಿಯಲು ಕಿಟಕಿಯಿಂದ ಎಸೆದ ಟವೆಲ್ಲು. ಅಷ್ಟೇ! ಆದರೆ ಒಂದು ಗಂಟೆ ಮಾತು ನಿಲ್ಲಲಿಲ್ಲ. "ನಮ್ಮಪ್ಪ ಹೀಗೇ ಟವೆಲ್ ಎಸೆದು, ತಾವು ಹೋಗಿ ಬೇರೆ ಬಸ್ಸು ಹತ್ತಿಬಿಟ್ಟಿದ್ರು ಕಣ್ರೀ," ಎಂದು ನಿವೃತ್ತ ಟೀಚರಮ್ಮ ಹೇಳುತ್ತ ಹೇಳುತ್ತ ನಕ್ಕರು, ನಗುತ್ತ ನಗುತ್ತ ಕಣ್ಣೊರೆಸಿಕೊಂಡರು.

ನಮ್ಮ ಶ್ರೀಮಂತನ ಚಿತ್ರಗಳು? ಎಲೆಯ ತುದಿಯ ಇಬ್ಬನಿ, ಕೆರೆಯ ಮೇಲಣ ಸೂರ್ಯೋದಯ, ರೆಕ್ಕೆ ಬಿಚ್ಚಿದ ಮಿಂಚುಳ್ಳಿ. ಹೆಸರಿಲ್ಲದಿದ್ದರೂ ಯಾರದೆಂದು ಎಲ್ಲರಿಗೂ ತಿಳಿಯುತ್ತಿತ್ತು. "ಚೆನ್ನಾಗಿದೆ," ಎನ್ನುತ್ತಿದ್ದರು. "ಕ್ಯಾಲೆಂಡರ್ ಇದ್ದ ಹಾಗಿದೆ," ಎನ್ನುತ್ತಿದ್ದರು. ಅಷ್ಟಕ್ಕೇ ಮುಂದಿನ ಚಿತ್ರಕ್ಕೆ ಕೈ ಹಾಕುತ್ತಿದ್ದರು. ಒಂದು ವರ್ಷ ಕಳೆಯಿತು, ಗೋಡೆಯಲ್ಲಿ ಅವನದೊಂದೂ ಇಲ್ಲ. ಊರಿಗೆಲ್ಲ ಮದುವೆಯ ಸೀರೆ ಉಡಿಸಿದ ಮನುಷ್ಯ, ಒಬ್ಬರ ಎದೆಯ ಒಂದು ನೆನಪನ್ನೂ ಎಬ್ಬಿಸಲಾರದೆ ಹೋದ. ಅದು ಅವನನ್ನು ಮುಳ್ಳಾಗಿ ಚುಚ್ಚಿತು.

ಚುಚ್ಚಿದರೆ ಏನು ಮಾಡಿದ? ನೆನಪನ್ನೇ ತಯಾರಿಸಲು ಹೊರಟ! ಎಲ್ಲಿಂದಲೋ ಒಂದು ಹಳೆಯ ಬೀಸುಕಲ್ಲು ತರಿಸಿದ. ಹೆಂಡತಿಗೆ ಕೆಂಪಂಚಿನ ಸೀರೆ ಉಡಿಸಿ ಅದರ ಮುಂದೆ ಕೂರಿಸಿದ.

"ನಾನು ಹುಟ್ಟೋ ಹೊತ್ತಿಗೇ ನಮ್ಮೂರಿಗೆ ಹಿಟ್ಟಿನ ಗಿರಣಿ ಬಂದಿತ್ತು ಕಣ್ರೀ. ಇದನ್ನ ಯಾವ ಕೈಲಿ ತಿರುಗಿಸ್ಬೇಕು ಅಂತಾನೂ ಗೊತ್ತಿಲ್ಲ," ಎಂದಳು ಆಕೆ.

"ಎಡಗೈಲಿ ತಿರುಗ್ಸು. ಬೆಳಕು ಆ ಕಡೆ ಇದೆ."

ಭಾನುವಾರ ಟೀಚರಮ್ಮ ಆ ಚಿತ್ರವನ್ನು ಕನ್ನಡಕದ ಹತ್ತಿರ ಹಿಡಿದು ನೋಡಿದರು. "ಎಡಗೈಯಲ್ಲಿ ಬೀಸ್ತಿದಾಳೆ. ಕಲ್ಲಿನ ಸುತ್ತ ಒಂದು ಚಿಟಿಕೆ ಹಿಟ್ಟಿಲ್ಲ. ಪಾಪ, ಇವತ್ತು ಈಯಮ್ಮನ ಮನೇಲಿ ಉಪವಾಸ ಅಂತ ಕಾಣತ್ತೆ."

ಕೋಣೆ ಗೊಳ್ಳೆಂದಿತು. ಮುಂದಿನ ಶನಿವಾರ ಅವನು ಛಲಕ್ಕೆ ಬಿದ್ದು ರಾಗಿ ತಂದು ಸುರಿದ. ಬಲಗೈ ಹಿಡಿಸಿದ. "ಇನ್ನೊಂದ್ಸಲ. ತಲೆ ಎತ್ತು. ಅಷ್ಟಲ್ಲ. ಇನ್ನೊಂದ್ಸಲ." ಎರಡು ಗಂಟೆ ಆಕೆ ಬೀಸಿದಳು. ಕೊನೆಗೊಂದು ಚಿತ್ರ ಮನಸ್ಸಿಗೆ ಒಪ್ಪಿತು. ಕ್ಯಾಮೆರಾವನ್ನು ಹಾಗೆಯೇ ಸ್ಟುಡಿಯೊಗೆ ಒಯ್ದು, "ಕಟ್ಟಕಡೆಯದನ್ನ ಪ್ರಿಂಟ್ ಹಾಕಪ್ಪಾ," ಎಂದ. ಅವನಿಗೆ ತಿಳಿಯದ ಸಂಗತಿ ಇಷ್ಟೆ: ಆ ಚಿತ್ರದ ನಂತರ, ಗುಂಡಿಯ ಮೇಲೆಯೇ ಇದ್ದ ಅವನ ಬೆರಳು ಇನ್ನೊಮ್ಮೆ ಒತ್ತಿತ್ತು.

ಭಾನುವಾರ ಮೇಜಿನ ಮೇಲೆ ಬಂದದ್ದು ಆ ಇನ್ನೊಂದು. ಅರ್ಧ ಮಬ್ಬು, ಪೂರ್ತಿ ಓರೆ. ಚೌಕಟ್ಟಿನ ತುಂಬ ಮುಂದಕ್ಕೆ ಚಾಚಿದ ಒಂದು ಕೈ, ಆ ಕೈಯಲ್ಲಿ ಸೆರಗಿನ ತುದಿ. ಮುಖವೇ ಇಲ್ಲ. ಶ್ರೀಮಂತನ ಮುಖವಂತೂ ಸುಣ್ಣವಾಯಿತು. ಕಟ್ಟಳೆ ಮುರಿದು ಕಿತ್ತುಕೊಳ್ಳೋಣವೆಂದು ಎದ್ದ. ಅಷ್ಟರಲ್ಲಿ ಕಂಡಕ್ಟರನ ದನಿ ಕೇಳಿಸಿತು.

"ನಮ್ಮವ್ವ ಹಿಂಗೇ ನನ್ನ ಮೂಗು ಒರೆಸೋಳು ಸಾರ್. ಡ್ಯೂಟಿಗೆ ಸೇರಿದ್ಮೇಲೂ ಬಿಡಲಿಲ್ಲ. ಬಸ್ಸಿನ ಜನರ ಮುಂದೇನೇ ಒರೆಸಿಬಿಟ್ಲು ಒಂದಿನ. ಮಾನ ಹೋಯ್ತು ಅಂತ ಬೈದಿದ್ದೆ." ಅವನು ಚಿತ್ರದ ಅಂಚನ್ನು ಬೆರಳಿನಿಂದ ಸವರಿದ. "ಬೈಬಾರದಿತ್ತು."

ಟೀಚರಮ್ಮನಿಗೆ ಮೊದಲ ದಿನ ಶಾಲೆಯ ಬಾಗಿಲಲ್ಲಿ ತಾವು ಗಟ್ಟಿಯಾಗಿ ಹಿಡಿದ ಅಮ್ಮನ ಸೆರಗು ನೆನಪಾಯಿತು. ಸ್ಟುಡಿಯೊದವನಿಗೆ ಜ್ವರದ ಹಣೆಯ ಮೇಲಿನ ಒದ್ದೆ ಸೆರಗು. ಒಬ್ಬರ ಮಾತಿನ ಬೆಳಕಿನಲ್ಲಿ ಇನ್ನೊಬ್ಬರ ಮಾತು ಹೊತ್ತಿಕೊಂಡಿತು. ಶ್ರೀಮಂತ ಮೆಲ್ಲನೆ ಕುಳಿತ. ವರ್ಷವಿಡೀ ಅವನು ಬೇಡಿದ್ದು ಇದನ್ನೇ ಅಲ್ಲವೇ?

"ಸರಿ, ತೆಗೆದವರು ಏಳಿ," ಎಂದರು ಟೀಚರಮ್ಮ. "ಯಾರ ಕೈ ಇದು? ಏನನ್ನ ಒರೆಸೋಕೆ ಬಂತು?"

ಅವನು ಎದ್ದ. ಎಲ್ಲರೂ ಬೆರಗಾದರು. ಅವನು ಬಾಯಿ ತೆರೆದ. ನೋಡಿ, ಆಗ ಆದದ್ದನ್ನು ನೋಡಿ! ಚಿತ್ರ ಅವನದು, ಕೈ ಅವನ ಹೆಂಡತಿಯದು, ಆದದ್ದು ನಿನ್ನೆ. ಊರಿನವರಿಗೆಲ್ಲ ಆ ಚಿತ್ರದಲ್ಲೊಂದು ನೆನಪಿತ್ತು. ಅವನೊಬ್ಬನಿಗೆ ಇರಲಿಲ್ಲ. ಆ ಕೈ ಚಾಚಿ ಬಂದಾಗ ಅವನು ಕ್ಯಾಮೆರಾದ ಪುಟ್ಟ ಪರದೆಯೊಳಗೆ ಮುಳುಗಿದ್ದ.

"ನನಗೆ ಗೊತ್ತಿಲ್ಲ," ಎಂದ. ಚಿತ್ರ ಗೋಡೆಗೆ ಏರಲಿಲ್ಲ. ಟೀಚರಮ್ಮ ಅದನ್ನು ಅವನ ಕೈಗಿತ್ತು, "ಮನೇಲಿ ಕೇಳ್ಕೊಂಡು ಬನ್ನಿ ಸಾಹುಕಾರ್ರೇ," ಎಂದರು.

ಮನೆಯಲ್ಲಿ ಹೆಂಡತಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಅವನು ಚಿತ್ರವನ್ನು ಮುಂದಿಟ್ಟ. "ನಿನ್ನೆ ಯಾಕೆ ಹೀಗೆ ಬಂದೆ?"

ಆಕೆ ಒಂದು ಸಲ ನೋಡಿದಳು. "ರಾಗಿ ಹಿಟ್ಟು ಹಾರಿ ನಿಮ್ಮ ಕನ್ನಡಕದ ಮೇಲೆ ಕೂತಿತ್ತು. ಒರೆಸೋಣ ಅಂತ ಬಂದೆ. 'ಅಡ್ಡ ಬರಬೇಡ' ಅಂದ್ರಿ. ಹೋಗಿ ಕೂತ್ಕೊಂಡೆ."

"ಹಾಗಂದೆನಾ?"

"ನಿನ್ನೆ ಒಂದಿನಾನಾ? ಈ ಡಬ್ಬಿ ಮನೆಗೆ ಬಂದ ದಿನದಿಂದ ಅಂತಾನೇ ಇದೀರಿ."

ಅವನು ಎದುರು ಕುಳಿತು ಒಂದು ಹಿಡಿ ಬೀನ್ಸ್ ತೆಗೆದುಕೊಂಡ. "ಇನ್ನೇನೇನಾಯ್ತು, ಹೇಳು," ಎಂದ. ಆಕೆ ಹೇಳಿದಳು. ಎರಡು ಗಂಟೆ ಬೀಸಿದ ತೋಳಿನ ನೋವಿನಿಂದ ಆರಂಭವಾದ ಆ ಮಾತು, ಅವನು ಕಾಣದ ಎಷ್ಟೋ ವರ್ಷಗಳ ಕಡೆಗೆ ಹೊರಳಿತು. ಅವನು ನಡುವೆ ಬಾಯಿ ಹಾಕಲಿಲ್ಲ.

ತಾಯಂದಿರೇ, ಮಹನೀಯರೇ, ನಗಬೇಡಿ. ಇಲ್ಲಿ ಎಷ್ಟು ಜನ ಇಂಥ ಶ್ರೀಮಂತರಿದ್ದೀರಿ, ನಾನು ಈ ಪೀಠದಿಂದ ನೋಡುತ್ತಲೇ ಇದ್ದೇನೆ. ಮಂಗಳಾರತಿ ಎತ್ತಿದರೆ ಜೋಡಿಸಬೇಕಾದ ಕೈಗಳು ಮೊಬೈಲ್ ಹಿಡಿದು ಮೇಲಕ್ಕೇಳುತ್ತವೆ. ದೇವರಿಗೆ ಕಾಣುವುದು ನಿಮ್ಮ ಮೊಬೈಲಿನ ಬೆನ್ನು! ಮಗು ಮೊದಲ ಹೆಜ್ಜೆ ಇಡುತ್ತ ನಿಮ್ಮ ಕಡೆಗೇ ಬರುತ್ತದೆ. ನೀವು ಹಿಂದೆ ಹಿಂದೆ ಸರಿಯುತ್ತೀರಿ. ಯಾಕೆ? ಚೌಕಟ್ಟಿನಲ್ಲಿ ಹಿಡಿಯಬೇಕಲ್ಲ! ಚಿತ್ರ ತೆಗೆಯಬೇಡಿ ಎಂದು ನಾನು ಹೇಳುವುದಿಲ್ಲ. ಧಾರಾಳವಾಗಿ ತೆಗೆಯಿರಿ, ನಾಲ್ಕು ಜನಕ್ಕೆ ಹಂಚಿರಿ. ಆದರೆ ನಡುವೆ ಯಾರಾದರೂ ಅಡ್ಡ ಬಂದರೆ, ಸರಿಯಿರಿ ಎನ್ನುವ ಮೊದಲು ಕ್ಯಾಮೆರಾ ಇಳಿಸಿ, ಏಕೆ ಬಂದಿರಿ ಎಂದು ಕೇಳಿ.

ಈಗ ಮನೆಗೆ ಹೋಗುತ್ತೀರಿ. ಮೊಬೈಲಿನಲ್ಲಿ ಸಾವಿರ ಚಿತ್ರಗಳಿವೆ. ಮನೆಯವರು ಇರುವ ಒಂದನ್ನು ತೆರೆಯಿರಿ. ಅದನ್ನು ಲೋಕಕ್ಕೆ ಕಳುಹಿಸುವ ಮುನ್ನ ಅವರ ಪಕ್ಕದಲ್ಲಿ ಕುಳಿತು, "ಆವತ್ತು ಏನಾಗಿತ್ತು?" ಎಂದು ಕೇಳಿ. ಕೇಳಿದ ಮೇಲೆ ಬಾಯಿ ಮುಚ್ಚಿಕೊಳ್ಳಿ. ಅವರು ನಗಬಹುದು, ಅಳಬಹುದು. ಬಹುಮಟ್ಟಿಗೆ ಬೈಯುತ್ತಾರೆ. ಬೈಸಿಕೊಳ್ಳಿ. ಇಷ್ಟು ದಿನ ಅವರೊಬ್ಬರೇ ಹೊತ್ತಿದ್ದ ನೆನಪಿನಲ್ಲಿ ನಿಮ್ಮ ಪಾಲು ನಿಮಗೆ ಸಿಗುವುದು ಹಾಗೆಯೇ.